ಆಟದ ಕೊಲೆಯೂ ಕಾವ್ಯದ ಕೊಲೆಯೂ

ಕವಿಗಳನ್ನು ಊರಾಚೆ ಇಡಬೇಕೆಂಬ ವಾದ ಪ್ಲೇಟೋನಷ್ಟು ಹಳೆಯದು. ಒಣಗಿಸಬೇಕಾದ ವಿಕಾರಗಳಿಗೆ ಕಾವ್ಯ ನೀರೆರೆಯುತ್ತದೆ ಎಂಬುದು ಅವನ ಆಕ್ಷೇಪಣೆ. ರುದ್ರನಾಟಕ ಭಯ ಕರುಣೆಗಳನ್ನು ಕೆರಳಿಸಿ ಅವುಗಳ ಶೋಧನೆಯನ್ನೂ ಮಾಡುತ್ತದೆ ಎಂದು ಅವನ ಶಿಷ್ಯ ಅರಿಸ್ಟಾಟಲನೇ ಉತ್ತರ ಕೊಟ್ಟ. ವ್ಯಾಜ್ಯ ಅಷ್ಟಕ್ಕೆ ಮುಗಿಯಲಿಲ್ಲ. ಪ್ರತಿವಾದಿ ಮಾತ್ರ ಬದಲಾಗುತ್ತ ಬಂದ. ಅಮೆರಿಕದಲ್ಲಿ 1954ರಲ್ಲಿ ಮಕ್ಕಳ ಚಿತ್ರಕಥೆಯ ಪುಸ್ತಕಗಳು ಸೆನೆಟ್ಟಿನ ವಿಚಾರಣೆಗೆ ಗುರಿಯಾದವು. ಈಗ ಕಟಕಟೆಯಲ್ಲಿ ನಿಂತಿರುವುದು ವಿಡಿಯೋ ಗೇಮು.

ಕೋವಿ ಹಿಡಿದು ಆಡುವ ಈ ಆಟಗಳಿಂದ ಹುಡುಗರು ಕೊಲೆಗಡುಕರಾಗುತ್ತಾರೆಯೇ? 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗರಿಬ್ಬರೂ ‘ಡೂಮ್’ ಎಂಬ ಆಟ ಆಡುತ್ತಿದ್ದರು, ನಿಜ. ಅದೇ ಆಟವಾಡಿ, ಊಟ ಮಾಡಿ, ತಣ್ಣಗೆ ಮಲಗಿದ ಲಕ್ಷಾಂತರ ಹುಡುಗರ ಲೆಕ್ಕವನ್ನು ಯಾರೂ ಇಡಲಿಲ್ಲ. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು 14–15 ವರ್ಷದ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನು ವಿಚಾರಿಸಿ, ಅವರ ಹೆತ್ತವರನ್ನೂ ಕೇಳಿ, ಆಟಕ್ಕೂ ಆಕ್ರಮಣಕಾರಿ ನಡತೆಗೂ ಸಂಬಂಧ ಕಾಣಲಿಲ್ಲವೆಂದು ಪ್ರಕಟಿಸಿದರು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಆಡಿದ ಮಾತು ಇನ್ನೂ ಎಚ್ಚರಿಕೆಯದು: ಕೂಗಾಟ, ತಳ್ಳಾಟಗಳಂಥ ವರ್ತನೆಗೂ ಇಂಥ ಆಟಗಳಿಗೂ ಅಲ್ಪ ಸಂಬಂಧವಿದೆ, ಘೋರ ಹಿಂಸೆಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ನಮ್ಮ ದೇಶದ ಕಥೆ ಸ್ವಲ್ಪ ನಗೆ ಬರಿಸುವಂಥದು. 2019ರ ಮಾರ್ಚಿಯಲ್ಲಿ ರಾಜಕೋಟೆಯ ಪೊಲೀಸರು ‘ಪಬ್‌ಜಿ’ ಆಟವನ್ನು ನಿಷೇಧಿಸಿ, ಮೊಬೈಲಿನಲ್ಲಿ ಆಡುತ್ತಿದ್ದ ಹುಡುಗರನ್ನು ಹಿಡಿದರು. ಮುಂದೆ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವೇ ಅದನ್ನು ನಿಷೇಧಿಸಿತು. ಆದರೆ ಕೊಟ್ಟ ಕಾರಣ ದೇಶದ ಭದ್ರತೆ. ಹಿಂಸೆಯ ಪ್ರಸ್ತಾಪವೇ ಅಲ್ಲಿರಲಿಲ್ಲ.

ಇಷ್ಟರಿಂದ ಆಟದ ಪಕ್ಷ ಗೆದ್ದಿತೆಂದು ನಾನು ಒಪ್ಪಲಾರೆ. ಆ ಪಕ್ಷದ ವಕೀಲರು ಗೆಲ್ಲುವ ಅವಸರದಲ್ಲಿ ನಮ್ಮ ಕವಿಗಳನ್ನು ಸಾಕ್ಷಿಗೆ ಕರೆಯುತ್ತಾರೆ, ನನ್ನ ತಕರಾರು ಅಲ್ಲಿ. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾಯಿದೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 2011ರಲ್ಲಿ ತಳ್ಳಿಹಾಕಿತಷ್ಟೆ. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಗ್ರಿಮ್ ಸೋದರರ ಕಥೆಗಳಲ್ಲಿ ರಕ್ತವಿಲ್ಲವೇ, ಹೋಮರನ ಒಡಿಸ್ಯೂಸ್ ದೈತ್ಯನ ಕಣ್ಣು ಕೀಳಲಿಲ್ಲವೇ ಎಂಬ ಧಾಟಿಯಲ್ಲಿ ವಾದಿಸಿದ್ದಾರೆ. ಕನ್ನಡದವರು ಬರೆದಿದ್ದರೆ ರನ್ನನ ಹೆಸರೂ ಬರುತ್ತಿತ್ತು. ‘ಗದಾಯುದ್ಧ’ಕ್ಕಿಂತ ಹಿಂಸೆ ಬೇಕೆ?

ಬೇಕಿಲ್ಲ. ಆದರೆ ರನ್ನ ಮಾಡುವುದೇನೆಂದು ನೋಡಿ. ಗದೆ ಮೇಲೇಳುವುದಕ್ಕೆ ಎಷ್ಟೋ ಮೊದಲೇ ಅವನು ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸುತ್ತಾನೆ. ಆನೆಗಳ ಹೆಣ ಎಡವುತ್ತ, ಮರುಳುಗಳ ಅಣಕ ಕೇಳುತ್ತ ಅವನು ಹೋಗಬೇಕು. ದ್ರೋಣನ ದೇಹದ ಬಳಿ ನಿಲ್ಲಬೇಕು. ಮಗ ಲಕ್ಷಣನ ಬಳಿ, ತಮ್ಮ ದುಶ್ಶಾಸನನ ಬಳಿ, ಕರ್ಣನ ಬಳಿ ನಿಲ್ಲಬೇಕು. ವೈರಿಯ ಮಗ ಅಭಿಮನ್ಯುವಿನ ಬಳಿಯಂತೂ ನಿಂತು ಮೆಚ್ಚಿ ಕೈಮುಗಿಯುತ್ತಾನೆ. ಪ್ರತಿಯೊಂದು ಹೆಣಕ್ಕೂ ಹೆಸರಿದೆ, ನಂಟಿದೆ. ರೌದ್ರವನ್ನು ಕರುಣದ ಕೈಯಲ್ಲಿ ಅಳೆಸದೆ ರನ್ನ ಮುಂದಕ್ಕೆ ಬಿಡುವುದಿಲ್ಲ. ಭರತನ ನಾಟ್ಯಶಾಸ್ತ್ರ ಯುದ್ಧ ಮರಣಗಳನ್ನು ಅಂಕದಲ್ಲಿ ಕಣ್ಣಿಗೆ ತೋರಿಸಬಾರದೆನ್ನುತ್ತದೆ. ‘ಊರುಭಂಗ’ದಲ್ಲಿ ಭಾಸ ಗದೆಯ ಕಾಳಗವನ್ನು ಸೈನಿಕರ ಬಾಯಲ್ಲಿ ಹೇಳಿಸಿ, ಶಾಸ್ತ್ರ ಮೀರಿ ಸಾವನ್ನು ಮಾತ್ರ ರಂಗದ ಮೇಲೆ ತಂದ. ಎಂದಿನಂತೆ ತೊಡೆಯೇರಲು ಬಂದ ಪುಟ್ಟ ಮಗ ದುರ್ಜಯನನ್ನು ತೊಡೆ ಮುರಿದ ತಂದೆ ತಡೆಯಬೇಕಾಗುತ್ತದೆ. ಗದೆಯ ಏಟಿನ ಬೆಲೆ ಅಲ್ಲಿ ತಿಳಿಯುತ್ತದೆ.

ಇನ್ನು ‘ಪಬ್‌ಜಿ’. ನೂರು ಜನ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕಡೆಗೆ ಉಳಿದವನು ಗೆದ್ದ. ಸತ್ತವರ ಗತಿಯೇನೆಂದು ನನ್ನ ಬಿ.ಎ. ತರಗತಿಯ ಹುಡುಗನೊಬ್ಬನನ್ನು ಕೇಳಿದೆ. “ಪೆಟ್ಟಿಗೆ ಆಗ್ತಾರೆ, ಸಾರ್” ಎಂದ. ತಮಾಷೆಯ ಮಾತಲ್ಲ. ಬಿದ್ದವನ ದೇಹ ಮಾಯವಾಗಿ ಅಲ್ಲೊಂದು ಪೆಟ್ಟಿಗೆ ಉಳಿಯುತ್ತದೆ. ಗೆದ್ದವನು ಅದನ್ನು ತೆರೆದು ಗುಂಡು, ಬ್ಯಾಂಡೇಜು, ಶಿರಸ್ತ್ರಾಣ ತೆಗೆದುಕೊಂಡು ಓಡುತ್ತಾನೆ. ನಿಂತರೆ ತಾನೂ ಪೆಟ್ಟಿಗೆಯೇ. ನಿಲ್ಲಗೊಡದಿರುವುದೇ ಆ ಆಟದ ರಚನೆ. ಹೆಣವಿಲ್ಲದ ಯುದ್ಧವನ್ನು ಹೋಮರನ ಪಕ್ಕದಲ್ಲಿ ಕೂರಿಸುವುದು ನ್ಯಾಯವಲ್ಲ. ಹುಡುಗರು ಕೊಲೆಗಾರರಾಗುತ್ತಾರೆಂಬ ಭಯ ನನಗಿಲ್ಲ. ದಿನಕ್ಕೆ ಮೂರು ಗಂಟೆ ಹೆಣದ ಮುಂದೆ ನಿಲ್ಲದೆ ಓಡುವ ರೂಢಿಯಾದವನಿಗೆ ರನ್ನನ ಆ ನಡಿಗೆ ಬರಿಯ ತಡವೆಂದು ತೋರೀತೆಂಬುದೇ ನನ್ನ ಚಿಂತೆ. ತರಗತಿಯಲ್ಲಿ “ಯುದ್ಧ ಯಾವಾಗ ಬರುತ್ತೆ ಸಾರ್?” ಎಂಬ ಪ್ರಶ್ನೆ ಕೇಳಿದ್ದೇನೆ. (ಮೊಬೈಲು ಬರುವ ಮೊದಲೂ ಕೇಳಿದ್ದೇನೆ ಎಂಬುದನ್ನು ಮುಚ್ಚಿಡಬಾರದು.)

ಅದೇ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಅಲಿಟೊ ಬೇರೊಂದು ಶಂಕೆ ಎತ್ತಿದ್ದರು: ಓದುಗ ಓದುತ್ತಾನೆ, ಆಟಗಾರನಾದರೋ ಕೈಯಾರೆ ಮಾಡುತ್ತಾನೆ, ಇವೆರಡೂ ಒಂದೇ ಅನುಭವವೆಂದು ಹೇಗೆ ಹೇಳುವುದು? ನಮ್ಮ ಆಲಂಕಾರಿಕರಿಗೂ ಇದು ಹೊಸ ತೊಡಕು. ಅವರ ಸಹೃದಯನ ಕೈ ಸುಮ್ಮನಿರುತ್ತದೆ. ಭೀಮನ ಗದೆ ಬೀಳುವಾಗ ನಾನು ಕುರ್ಚಿಯಲ್ಲಿ ಕುಳಿತಿರುತ್ತೇನೆ. ಮರುಗಬಲ್ಲೆ, ಪಶ್ಚಾತ್ತಾಪ ಪಡಲಾರೆ, ಹೊಡೆದವನು ನಾನಲ್ಲವಲ್ಲ. ಕೈಗೂ ಕೆಲಸ ಕೊಡುವ ಕಲೆಯಿಂದ ಕೇಡೇ ಆಗಬೇಕೆಂದಿದೆಯೇ?

ಪೋಲೆಂಡಿನವರು 2014ರಲ್ಲಿ ಹೊರತಂದ ‘ದಿಸ್ ವಾರ್ ಆಫ್ ಮೈನ್’ ನೋಡಿದ ಮೇಲೆ ಇಲ್ಲವೆನ್ನಬೇಕಾಗಿದೆ. 1992ರಿಂದ 1996ರವರೆಗೆ ಮುತ್ತಿಗೆಗೆ ಸಿಕ್ಕಿದ್ದ ಸರಯೆವೊ ನಗರದ ಪಾಡು ಅದಕ್ಕೆ ಪ್ರೇರಣೆ. ಅಲ್ಲಿ ನಾವು ಸೈನಿಕರಲ್ಲ. ಮುರುಕು ಮನೆಯಲ್ಲಿ ಹಸಿದು ಕುಳಿತ ನಾಲ್ಕಾರು ನಾಗರಿಕರನ್ನು ಉಳಿಸಿಕೊಳ್ಳಬೇಕು. ಒಂದು ಮನೆಯಲ್ಲಿ ವೃದ್ಧ ದಂಪತಿಗಳಿದ್ದಾರೆ, ಅನ್ನವಿದೆ, ಔಷಧವಿದೆ, ತಡೆಯಲು ಅವರಿಗೆ ಬಲವಿಲ್ಲ. ದೋಚಿದರೆ ನಮ್ಮವರ ಹೊಟ್ಟೆಯೇನೋ ತುಂಬುತ್ತದೆ, ಮನಸ್ಸು ಕುಗ್ಗುತ್ತದೆ. ಹೆಜ್ಜೆ ಭಾರವಾಗಿ ಮಂಕು ಕವಿಯುತ್ತದೆ. ಮಾಡಿದ್ದು ತನ್ನ ಬೆರಳು ಎಂಬುದನ್ನು ಆಟಗಾರ ಮರೆಯುವಂತಿಲ್ಲ. 2020ರಲ್ಲಿ ಪೋಲೆಂಡಿನ ಸರ್ಕಾರ ಇದನ್ನು ವಿದ್ಯಾರ್ಥಿಗಳ ಐಚ್ಛಿಕ ಓದಿನ ಪಟ್ಟಿಗೆ ಸೇರಿಸುವುದಾಗಿ ಸಾರಿತು. ಆಟವನ್ನು ‘ಓದುವುದು’ ಹೇಗೆಂದು ನಗುವವರು ನಗಲಿ.

ಪೆಟ್ಟಿಗೆಯ ಮಾತು ಹೇಳಿದ ಹುಡುಗನಿಗೆ ಈ ಆಟದ ವಿಷಯ ಹೇಳಿದ್ದೆ. ತುಂಬ ನಿಧಾನ, ಬೇಸರ ಎಂದು ಗೊಣಗಿದ. ಆ ಮುದುಕರ ಮನೆಗೆ ಹೋಗಿದ್ದೆಯಾ ಎಂದೆ. ಹೋಗಿದ್ದನಂತೆ, ಅಜ್ಜ ಹೆಂಡತಿಗಾಗಿ ಬೇಡಿಕೊಂಡದ್ದನ್ನು ಕಂಡು ಬರಿಗೈಯಲ್ಲಿ ಹಿಂದಿರುಗಿದನಂತೆ. ಅವನ ಮೂವರೂ ಆ ರಾತ್ರಿ ಉಪವಾಸ.