ಹೊಲಕ್ಕೂ ಜಾತ್ರೆಗೂ ಒಂದೇ ಗಾಡಿ

ವಾರವೆಲ್ಲ ಶೇಂಗಾ ಚೀಲ, ಪೈಪು, ಮೋಟಾರು. ಜಾತ್ರೆ ಬಂದರೆ ಹೆಂಡತಿ ಮಕ್ಕಳು, ಪಾತ್ರೆ ಪಡಗ, ಟಾರ್ಪಾಲು. ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆ ಸೀಮೆಯ ರೈತನಿಗೆ ಎರಡನ್ನೂ ಹೊರುವ ಒಂದೇ ಗಾಡಿ ಬೇಕು. ಆ ಬೇಡಿಕೆಗೆ ಒದಗುವುದು ಮಹೀಂದ್ರ ಬೊಲೆರೊ ಕ್ಯಾಂಪರ್.

ಮುಂದೆ ಎರಡು ಸಾಲು ಸೀಟು, ಐವರಿಗೆ ಜಾಗ. ಹಿಂದೆ ಸುಮಾರು ಒಂದು ಟನ್ ಹೊರುವ ತೆರೆದ ಬಾಡಿ. 2.5 ಲೀಟರ್ ಡೀಸೆಲ್ ಎಂಜಿನ್ ಓಟಕ್ಕಲ್ಲ, ಎಳೆತಕ್ಕೆ ಹೆಸರಾದದ್ದು. ಹಿಂದಿನ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗು. ಖಾಲಿ ಇದ್ದಾಗ ಕುಲುಕುತ್ತದೆ, ಭಾರ ಬಿದ್ದೊಡನೆ ಸಮಾಧಾನವಾಗುತ್ತದೆ. ಚಳ್ಳಕೆರೆಯ ಮೆಕ್ಯಾನಿಕ್‌ಗೂ ಇದರ ನಾಡಿ ಗೊತ್ತು.

ಇದೇ ಬಗೆಯ ಇನ್ನೊಂದು ಗಾಡಿಯೂ ಇದೆ: ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್ 2022ರಲ್ಲಿ ಭಾರತಕ್ಕೆ ಬಂತು. 2.8 ಲೀಟರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ, ಕಾರಿನ ಸುಖ. ಆದರೆ ಉದ್ದ 5.3 ಮೀಟರ್, ಬೆಲೆ ಕ್ಯಾಂಪರ್‌ನ ಸುಮಾರು ಮೂರು ಪಟ್ಟು. ಹಳ್ಳಿಯ ಓಣಿಯಲ್ಲಿ ತಿರುಗಿಸುವುದೂ ಕಷ್ಟ, ಕಂತು ಕಟ್ಟುವುದೂ ಕಷ್ಟ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೋ ಗೌರಸಮುದ್ರದ ಮಾರಮ್ಮನ ಜಾತ್ರೆಗೋ ಹೊರಟ ಕುಟುಂಬಕ್ಕೆ ಕ್ಯಾಂಪರ್ ಬಾಡಿಯೇ ಉಗ್ರಾಣ. ಟಾರ್ಪಾಲಿನ ಒಂದು ಅಂಚು ಗಾಡಿಗೆ, ಇನ್ನೊಂದು ಬೇವಿನ ಮರಕ್ಕೆ ಕಟ್ಟಿದರೆ ಬಿಡಾರ ಸಿದ್ಧ.

ಕೊಳ್ಳುವ ಮುನ್ನ ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರನ್ನು ಕೂರಿಸಿ ಒಂದು ಸುತ್ತು ಹೋಗಿ. ಬಾಡಿಯಲ್ಲಿ ಮಾತ್ರ ಜನರನ್ನು ಕೂರಿಸಬೇಡಿ: ಕಾನೂನು ಒಪ್ಪುವುದಿಲ್ಲ, ಜೀವಕ್ಕೂ ಅಪಾಯ.