ಸಭೆಯ ಕಂಠ: ಕ್ರೈಸ್ತ ಆರಾಧನಾ ಸಂಗೀತದ ಮೌಲ್ಯವಿಚಾರ

ಆರಾಧನೆಯಲ್ಲಿ ಸಂಗೀತಕ್ಕೆ ಎಷ್ಟು ಸ್ಥಾನವಿರಬೇಕೆಂಬ ಪ್ರಶ್ನೆಯು ಕ್ರೈಸ್ತ ಸಭೆಯಲ್ಲಿ ಬಹು ಪುರಾತನವಾದುದು. ಹಾಡಿನ ಅರ್ಥಕ್ಕಿಂತ ಹಾಡುವ ಕಂಠವೇ ತನ್ನನ್ನು ಹೆಚ್ಚಾಗಿ ಸೆಳೆದಾಗ ತಾನು ಪಾಪಕ್ಕೆ ಗುರಿಯಾದೆನೆಂದು ಸಂತ ಅಗಸ್ಟೀನನು ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ ಸಭೆಯಲ್ಲಿ ಹಾಡುವ ಪದ್ಧತಿಯನ್ನು ಅವನು ಕೈಬಿಡಲಿಲ್ಲ. ಹದಿನಾರನೆಯ ಶತಮಾನದ ಮತಸುಧಾರಕರನ್ನು ಕುರಿತು ಬರೆಯುವಾಗ ಈ ಸಂದೇಹವನ್ನೇ ಅಳತೆಗೋಲಾಗಿ ಹಿಡಿದು, ಲೂಥರನು ಸಂಗೀತದ ಮಿತ್ರ, ಜ್ವಿಂಗ್ಲಿಯು ಶತ್ರು, ಕ್ಯಾಲ್ವಿನನು ನಡುದಾರಿಯವನು ಎಂದು ವಿಂಗಡಿಸುವುದುಂಟು. ಈ ವಿಂಗಡಣೆಯು ಸಾಲದು. ವಿವಾದದ ತಿರುಳು ಸಂಗೀತ ಬೇಕೇ ಬೇಡವೇ ಎಂಬುದಲ್ಲ. ಹಾಡು ಯಾರದು ಎಂಬುದೇ ಎಂದು ನಾವು ಭಾವಿಸುತ್ತೇವೆ.

ಮೊದಲು ಜ್ವಿಂಗ್ಲಿಯನ್ನೇ ನೋಡೋಣ. 1525ರಲ್ಲಿ ಜ್ಯೂರಿಕ್ ನಗರದ ಆರಾಧನೆಯಿಂದ ಹಾಡು ಮರೆಯಾಯಿತು. 1527ರಲ್ಲಿ ಅಲ್ಲಿನ ಮಹಾದೇವಾಲಯದ ಆರ್ಗನ್ ವಾದ್ಯವನ್ನು ಕಳಚಿಹಾಕಿದರು. ಹಾಡು ಮರಳಿದುದು 1598ರಲ್ಲಿ. ಇಷ್ಟನ್ನು ಮಾಡಿಸಿದವನು ಅನೇಕ ವಾದ್ಯಗಳನ್ನು ಬಲ್ಲ ಕುಶಲ ಸಂಗೀತಗಾರನಾಗಿದ್ದನು. ಪ್ರಾರ್ಥನೆಯು ಹೃದಯದ ವ್ಯಾಪಾರವೆಂದೂ ಬಾಯಿಯ ಹಾಡು ಅದಕ್ಕೆ ಸಾಕ್ಷಿಯಾಗಲಾರದೆಂದೂ ಅವನು ನಂಬಿದ್ದನು. ಆಗ ನಿಂತುಹೋದುದು ಬಹುಮಟ್ಟಿಗೆ ಪುರೋಹಿತರ ಮತ್ತು ಗಾಯಕವೃಂದದ ಲ್ಯಾಟಿನ್ ಗಾನವೇ ಹೊರತು ಜನಸಾಮಾನ್ಯರ ಹಾಡಲ್ಲವೆಂಬುದನ್ನು ಮರೆಯಲಾಗದು.

ಲೂಥರನು ಹಿಡಿದ ದಾರಿ ಬೇರೆ. 1524ರಲ್ಲಿ ಎಂಟೇ ಹಾಡುಗಳ ಒಂದು ಚಿಕ್ಕ ಜರ್ಮನ್ ಪುಸ್ತಕವು ಹೊರಬಂದಿತು; ಅದರಲ್ಲಿ ನಾಲ್ಕು ಅವನವೇ. 1526ರಲ್ಲಿ ಜರ್ಮನ್ ಆರಾಧನಾಕ್ರಮವು ಪ್ರಕಟವಾಯಿತು. ಇವೆರಡರ ನಡುವೆ, 1525ರ ಒಂದು ವಾದಗ್ರಂಥದಲ್ಲಿ, ಅವನು ಗಮನಾರ್ಹವಾದ ಮಾತೊಂದನ್ನು ಹೇಳಿದನು: ಲ್ಯಾಟಿನ್ ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ಮಾತನ್ನು ಮಾತ್ರ ಅನುವಾದಿಸಿದರೆ ಅದು ಕಪಿಗಳ ಅನುಕರಣೆಯಾದೀತು, ಮಾತು, ಸ್ವರ, ಉಚ್ಚಾರದ ಒತ್ತು ಎಲ್ಲವೂ ಮಾತೃಭಾಷೆಯಿಂದಲೇ ಹುಟ್ಟಬೇಕು. ಇದು ಮೊದಲನೆಯ ಮೌಲ್ಯ.

ಎರಡನೆಯದನ್ನು ಜಿನೀವಾ ನಗರದಲ್ಲಿ ಕಾಣುತ್ತೇವೆ. ಅಲ್ಲಿ ವಾದ್ಯವಿಲ್ಲದೆ, ಸಭೆಯೆಲ್ಲ ಒಂದೇ ಸ್ವರದಲ್ಲಿ, ಫ್ರೆಂಚ್ ಪದ್ಯರೂಪದ ಬೈಬಲ್ ಕೀರ್ತನೆಗಳನ್ನು ಹಾಡುತ್ತಿತ್ತು. ನೂರೈವತ್ತು ಕೀರ್ತನೆಗಳ ಸಂಪೂರ್ಣ ಸಂಗ್ರಹವು 1562ರಲ್ಲಿ ಮುಗಿಯಿತು. ಅದರ ಅನೇಕ ಧಾಟಿಗಳನ್ನು ರೂಪಿಸಿದ ಲೂಯಿ ಬೂರ್ಜ್ವಾನನ್ನು 1551ರ ಡಿಸೆಂಬರಿನಲ್ಲಿ ಸೆರೆಗೆ ಹಾಕಲಾಯಿತು. ಪರಿಚಿತ ಧಾಟಿಗಳನ್ನು ಅನುಮತಿಯಿಲ್ಲದೆ ಬದಲಾಯಿಸಿದನೆಂಬುದೇ ಅವನ ಮೇಲಿನ ಅಪರಾಧ. ಕ್ಯಾಲ್ವಿನನ ಮಧ್ಯಸ್ಥಿಕೆಯಿಂದ ಅವನಿಗೆ ಬಿಡುಗಡೆಯಾಯಿತು. ಶಿಕ್ಷೆಯು ಅತಿಯಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಹಿಂದಿನ ದೂರು ಕ್ಷುಲ್ಲಕವಲ್ಲ. ಜನರಿಗೆ ಕಂಠಪಾಠವಾದ ಧಾಟಿಯನ್ನು ನಾಯಕನು ತಿದ್ದಿದರೆ, ಆ ತಿದ್ದುಪಡಿ ಎಷ್ಟೇ ಸೊಗಸಾಗಿದ್ದರೂ, ಹಾಡುತ್ತಿದ್ದ ಸಭೆಯು ಕೇಳುವ ಸಭೆಯಾಗಿಬಿಡುತ್ತದೆ.

ರೋಮನ್ ಕ್ಯಾಥೊಲಿಕರಲ್ಲಿಯೂ ವಿಚಾರವು ಕಾಲಕ್ರಮದಲ್ಲಿ ಇದೇ ದಿಕ್ಕಿಗೆ ತಿರುಗಿತು. 1903ರಲ್ಲಿ ಹತ್ತನೆಯ ಪಯಸ್ ಪೋಪರು ಪಾವಿತ್ರ್ಯ, ರೂಪಸೌಷ್ಠವ, ಸಾರ್ವತ್ರಿಕತೆ ಎಂಬ ಮೂರು ಲಕ್ಷಣಗಳನ್ನು ನಿರ್ದೇಶಿಸಿದರು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಜನರು ಕ್ರಿಯಾಶೀಲರಾಗಿ ಪಾಲ್ಗೊಳ್ಳುವುದಕ್ಕೆ ಪ್ರಾಧಾನ್ಯವಿತ್ತು, ಆಯಾ ದೇಶದ ಸಂಗೀತ ಸಂಪ್ರದಾಯಗಳಿಗೂ ತಕ್ಕ ಮನ್ನಣೆ ಸಲ್ಲಬೇಕೆಂದು ವಿಧಿಸಿತು.

ಈ ಎರಡು ಮೌಲ್ಯಗಳ ಘರ್ಷಣೆಯು ನಮ್ಮ ನಾಡಿಗೂ ಸಂಬಂಧಿಸಿದುದು. 1834ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಜರ್ಮನ್ ಧಾಟಿಗಳಿಗೆ ಹೊಂದಿಸಿದ ಕನ್ನಡ ಗೀತೆಗಳು ಬಳಕೆಗೆ ಬಂದವು. ಕನ್ನಡ ಪದ್ಯದ ಜೀವಾಳವು ಲಘುಗುರುಗಳ ಮಾತ್ರಾಗಣನೆ. ಜರ್ಮನ್ ಪದ್ಯದ ಜೀವಾಳವು ಒತ್ತು. ಒಂದಕ್ಕಾಗಿ ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದಾಗ ಹ್ರಸ್ವವು ದೀರ್ಘವಾಗಿ, ಪದವು ನಡುವೆಯೇ ಒಡೆದು, ಅರ್ಥವು ಮಸುಕಾಗುವ ಅಪಾಯವಿದೆ. ಲೂಥರನ ಅಳತೆಗೋಲಿನಿಂದಲೇ ಅಳೆದರೆ ಲೂಥರನ ನಾಡಿನ ಧಾಟಿ ಇಲ್ಲಿ ಸೋಲುತ್ತದೆ. 1862ರಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಪದ್ಯಬಂಧದಲ್ಲಿ ಹೇಳುವ 'ಕಥಾಮಾಲೆ'ಯನ್ನು ರಚಿಸಿದ ಕಿಟೆಲರು ಈ ತೊಡಕನ್ನು ಕಂಡಿದ್ದರೆಂದು ನಾವು ಊಹಿಸುತ್ತೇವೆ.

ಹಾಗಾದರೆ ಹಳೆಯ ಧಾಟಿಗಳನ್ನು ಕೂಡಲೇ ತೊಡೆದುಹಾಕಬೇಕೇ? ಇಲ್ಲಿ ಜಿನೀವಾದ ಪ್ರಕರಣವು ನಮ್ಮನ್ನು ತಡೆಯುತ್ತದೆ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಧಾಟಿಯು ಹೊರಗಿನಿಂದ ಬಂದುದೆಂದು ಪಂಡಿತರು ಸಾಧಿಸಬಹುದು. ಹಾಡುವವಳಿಗೆ ಅದು ತನ್ನ ಮನೆಯ ಸೊತ್ತೇ. ದೇಶೀಯತೆಯ ಹೆಸರಿನಲ್ಲಿ ಅದನ್ನು ಕಸಿದುಕೊಳ್ಳುವುದೂ ಒಂದು ಬಗೆಯ ದಬ್ಬಾಳಿಕೆಯೇ. ಹೊಸದನ್ನು ಕಲಿಸಿ, ಜನರ ಬಾಯಲ್ಲಿ ಅದು ನೆಲೆಗೊಳ್ಳುವವರೆಗೆ ಹಳೆಯದರೊಡನೆ ಹಾಡಿಸಿ, ಆಯ್ಕೆಯನ್ನು ಕಾಲಕ್ಕೂ ಸಭೆಗೂ ಬಿಡುವುದೊಂದೇ ನ್ಯಾಯವಾದ ಮಾರ್ಗ.

ಆರಾಧನೆಯಲ್ಲಿ ಹಾಡನ್ನು ನಡೆಸುವವನ ಯೋಗ್ಯತೆಯನ್ನು ಅವನ ಕಂಠಮಾಧುರ್ಯದಿಂದ ಅಳೆಯುವುದು ಸುಲಭ. ಅವನು ಸುಮ್ಮನಾದಾಗಲೂ ಸಭೆಯು ಹಾಡುತ್ತಲೇ ಇರುವುದೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.