ಗಾಡ್ಗೀಳ್ ವರದಿ: ಬೈದವರು ಬಹಳ, ಓದಿದವರು ಕಡಿಮೆ

ಮಾಧವ ಗಾಡ್ಗೀಳ್ ಸಮಿತಿಯ ಪಶ್ಚಿಮ ಘಟ್ಟ ವರದಿಯನ್ನು ಮಲೆನಾಡು ಓದುವ ಮೊದಲೇ ಬೈಯಿತು. ತಪ್ಪು ಮಲೆನಾಡಿನದಷ್ಟೇ ಅಲ್ಲ. 2011ರ ಆಗಸ್ಟ್‌ನಲ್ಲಿ ಕೈಸೇರಿದ ವರದಿಯನ್ನು ಕೇಂದ್ರ ಪರಿಸರ ಸಚಿವಾಲಯ ತಿಂಗಳುಗಟ್ಟಲೆ ಅಡಗಿಸಿಟ್ಟಿತು. ಮಾಹಿತಿ ಆಯೋಗ, ಆಮೇಲೆ ದೆಹಲಿ ಹೈಕೋರ್ಟ್ ಗದರಿದ ಬಳಿಕ 2012ರ ಮೇನಲ್ಲಿ ಅದು ಹೊರಬಂತು, ಅದೂ ಇಂಗ್ಲಿಷಿನಲ್ಲಿ. ಊರಿಗೆ ಮುಟ್ಟಿದ್ದು ಒಂದೇ ಸುದ್ದಿ: ನಿಮ್ಮ ತಾಲ್ಲೂಕು ಒಂದನೇ ವಲಯ, ಇನ್ನು ಮನೆಗೆ ಹೆಂಚು ಹೊದಿಸುವಂತಿಲ್ಲ!

ವರದಿಯಲ್ಲಿ ಅಂಥ ಮಾತಿಲ್ಲ. ಅತಿ ಸೂಕ್ಷ್ಮವೆಂದು ಗುರುತಿಸಿದ ಒಂದನೇ ವಲಯದಲ್ಲಿ ಹೊಸ ಗಣಿ ಬೇಡ, ಗುಂಡ್ಯ ಜಲವಿದ್ಯುತ್ ಯೋಜನೆ ಬೇಡ ಎಂದಿತ್ತು. ಅರಣ್ಯ ಹಕ್ಕು ಕಾಯ್ದೆಯನ್ನು ಮನಸ್ಸಿಟ್ಟು ಜಾರಿ ಮಾಡಿ, ಕಾಡು ಉಳಿಸುವ ರೈತನಿಗೆ ಹಣ ಕೊಡಿ, ವಲಯದ ಗೆರೆಯನ್ನು ಗ್ರಾಮಸಭೆಗಳ ಜೊತೆ ಕೂತು ಅಂತಿಮಗೊಳಿಸಿ ಎಂದೂ ಇತ್ತು. ಈ ಕೊನೆಯ ಸಲಹೆಯೇ ವರದಿಯ ಜೀವ. ಆದರೆ ಕೇಳುವ ಮೊದಲೇ ತಾಲ್ಲೂಕುಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿದ್ದು ಸಮಿತಿಯೇ. ‘ತಾತ್ಕಾಲಿಕ’ ಎಂಬ ಷರಾ ಯಾರ ಕಣ್ಣಿಗೂ ಬೀಳಲಿಲ್ಲ. ಅಚ್ಚಾದ ಪಟ್ಟಿ ಆಜ್ಞೆಯಂತೆಯೇ ಕಂಡಿತು.

ನನ್ನ ದೊಡ್ಡ ತಕರಾರು ಬೇರೆ. ಗ್ರಾಮಸಭೆಯ ಮೇಲಿಟ್ಟ ನಂಬಿಕೆಯಷ್ಟು ಗಮನವನ್ನು ವರದಿ ಗ್ರಾಮದೊಳಗಿನ ಏರುತಗ್ಗಿಗೆ ಕೊಡುವುದಿಲ್ಲ. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರದ ಸೊಪ್ಪು ತರುವ ಕಾಡಿನ, ಹಕ್ಕು ಅಡಿಕೆ ತೋಟಕ್ಕೆ ಅಂಟಿಕೊಂಡಿದೆ. ತೋಟವಿಲ್ಲದವನಿಗೆ ಉಪ್ಪಾಗೆ, ಸೀಗೆ, ಜೇನು ಇವೇ ಕಾಡು. ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆನೆಂದು ದಾಖಲೆ ತೋರಿಸಲಾಗದೆ ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದ ಅತಿಕ್ರಮಣದಾರನೂ ಅದೇ ಊರಿನವನು. ಸಭೆಯಲ್ಲಿ ಇವರ ದನಿ ತೋಟದವರ ದನಿಯಷ್ಟು ಏಳುತ್ತದೆಯೇ?

ಇಷ್ಟಾದರೂ 2013ರ ಕಸ್ತೂರಿರಂಗನ್ ವರದಿಯ ಪಕ್ಕದಲ್ಲಿಟ್ಟರೆ ಗಾಡ್ಗೀಳರದ್ದೇ ತೂಕ ಹೆಚ್ಚು. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ, ಶೇ 20ರಷ್ಟು ನೈಸರ್ಗಿಕ ಪ್ರದೇಶವಿದ್ದರೆ ಇಡೀ ಹಳ್ಳಿಯನ್ನು ಸೂಕ್ಷ್ಮವೆಂದಿತು. ಹಾಗೆ ಕರ್ನಾಟಕದ 20,668 ಚದರ ಕಿ.ಮೀ. ಪಟ್ಟಿಗೆ ಬಂತು. ಆ ವರದಿ ಆಧರಿಸಿ ಕೇಂದ್ರದ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು. ಆರನೆಯದು ವಯನಾಡಿನ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ಕ್ಕೆ. ಆಕ್ಷೇಪಣೆಗೆ 60 ದಿನ, ವಿಳಾಸ ದೆಹಲಿ. ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಹಾಗೆಂದು ಎಲ್ಲ ಊರೂ ಬೇಡವೆನ್ನುವುದಿಲ್ಲ: ಗಣಿ ತಡೆಯಲೆಂದು ತಾವಾಗಿಯೇ ಸೂಕ್ಷ್ಮ ವಲಯ ಕೇಳಿದ ಗ್ರಾಮಸಭೆಗಳು ಮಹಾರಾಷ್ಟ್ರದ ಸಿಂಧುದುರ್ಗದಲ್ಲಿವೆ. ನಾಳೆ ನಮ್ಮಲ್ಲೊಂದು ಊರು ಅಂಥ ಠರಾವು ಮಾಡಿದರೆ ಅದನ್ನು ಎಲ್ಲಿಗೆ ಕಳಿಸಬೇಕೆಂಬುದು ದೆಹಲಿಯ ಕರಡಿನಲ್ಲೂ ಇಲ್ಲ, ಬೆಂಗಳೂರಿನ ತಿರಸ್ಕಾರದಲ್ಲೂ ಇಲ್ಲ.